ಐಸ್ ಪ್ಲಾಂಟ್‌ನ ಎಸಿಬಿ: ಆಫ್ ಮಾಡಿ ಒರೆಸಿದರೆ ಸಾಕೇ?

ಕಾರವಾರದ ಬೈತಖೋಲ ಬಂದರಿನ ಹತ್ತಿರದ ಐಸ್ ಪ್ಲಾಂಟ್, ಮೇನ್ ಪ್ಯಾನೆಲ್‌ನಲ್ಲಿ 800 ಆಂಪಿಯರ್‌ನ ಡ್ರಾ-ಔಟ್ (ಹೊರಗೆಳೆಯಬಹುದಾದ) ಎಸಿಬಿ, ಅಂದರೆ ಏರ್ ಸರ್ಕ್ಯೂಟ್ ಬ್ರೇಕರ್. ಟ್ರಾಲಿಂಗ್ ನಿಷೇಧದ ಜೂನ್ 1ರಿಂದ ಜುಲೈ 31ರ ತನಕ ಪ್ಲಾಂಟ್ ನಿಂತಿರುವಾಗ ಬ್ರೇಕರ್ ಆಫ್ ಮಾಡಿ ನಾವೇ ಬಿಚ್ಚಿ ಒರೆಸಬಹುದೇ ಎಂದು ಕೇಳಿದ್ದೀರಿ.

ಆಫ್ ಮಾಡಿದ ಮಾತ್ರಕ್ಕೆ ಕೈ ಹಾಕಬೇಡಿ. ಎಸಿಬಿ ಆಫ್ ಆದರೂ ಟ್ರಾನ್ಸ್‌ಫಾರ್ಮರ್‌ನಿಂದ ಬರುವ 433 ವೋಲ್ಟ್ ಅದರ ಇನ್‌ಕಮಿಂಗ್ ಕಡೆ ಹಾಗೇ ಇರುತ್ತದೆ. ಬ್ರೇಕರನ್ನು ಪೂರ್ತಿ ಹೊರಗೆಳೆದ ಮೇಲೂ ಗೂಡಿನ ಹಿಂಬದಿಯ ರಕ್ಷಣಾ ಮುಚ್ಚಳದ (ಶಟರ್) ಹಿಂದೆ ಅದು ಇದ್ದೇ ಇರುತ್ತದೆ. ಹೊರಗೆಳೆದ ಬ್ರೇಕರನ್ನು ಬೆಂಚಿನ ಮೇಲಿಟ್ಟು ಒರೆಸುವುದು ಒಂದು ಕೆಲಸ, ಪ್ಯಾನೆಲ್‌ನ ಗೂಡಿನೊಳಗೆ ಕೈ ಹಾಕುವುದು ಬೇರೆಯೇ ಕೆಲಸ. ಎರಡನೆಯದಕ್ಕೆ 11 ಕೆವಿ ಕಡೆಯಿಂದಲೇ ಬಂದ್ ಆಗಬೇಕು. ಆ ಸ್ವಿಚ್ ವಿದ್ಯುತ್ ಕಂಪನಿ ಹೆಸ್ಕಾಂನದ್ದಾದರೆ ಅವರಿಂದ ಎಲ್‌ಸಿ (ಲೈನ್ ಕ್ಲಿಯರ್, ಲೈನ್ ಬಂದ್ ಆಗಿದೆ ಎಂಬ ಅನುಮತಿ) ಸಿಗದೆ ಶುರು ಮಾಡಬೇಡಿ. ಜನರೇಟರ್ ಲಾಕ್ ಆಗಿ ಅದರ ಬ್ಯಾಟರಿ ವೈರ್ ಕಳಚಿರಬೇಕು. ಕೆಪಾಸಿಟರ್ ಬ್ಯಾಂಕ್ ಆಫ್ ಮಾಡಿ, ಅದರಲ್ಲಿ ಉಳಿದ ಚಾರ್ಜ್ ಇಳಿಯಲು 5 ನಿಮಿಷ ಕಾಯಿರಿ. ಆಮೇಲೆ ಮೀಟರನ್ನು ಮೊದಲು ಕರೆಂಟ್ ಇರುವ ಕಡೆ ಹಿಡಿದು ನೋಡಿ, ನಂತರ ಕೆಲಸ ಮಾಡುವ ಜಾಗದಲ್ಲಿ ಫೇಸ್-ಫೇಸ್, ಫೇಸ್-ನ್ಯೂಟ್ರಲ್, ಫೇಸ್-ಅರ್ತ್ ಎಲ್ಲ ನೋಡಿ, ಮತ್ತೆ ಕರೆಂಟ್ ಇರುವ ಕಡೆ ನೋಡಿ. ಮಧ್ಯದಲ್ಲಿ ಮೀಟರೇ ಕೆಟ್ಟಿದ್ದರೆ ತಿಳಿಯುವುದು ಈ ಕೊನೆಯ ಸಲದಲ್ಲಿ. ಕರೆಂಟಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅರ್ತಿಂಗ್ ಕಟ್ಟಿ.

ಹೊರಗೆಳೆದ ಬ್ರೇಕರ್‌ನಲ್ಲಿ ಕರೆಂಟ್ ಇಲ್ಲ, ಆದರೆ ಅದರೊಳಗಿನ ಸ್ಪ್ರಿಂಗ್ ಚಾರ್ಜ್ ಆಗಿರಬಹುದು. ಬೆರಳು ಜಜ್ಜಿಹೋಗುವುದು ಇಲ್ಲೇ. ಪೂರ್ತಿ ಹೊರಗೆಳೆಯುವ ಮುಂಚೆ ಬ್ರೇಕರನ್ನು ಐಸೊಲೇಟೆಡ್ ಪೊಸಿಷನ್‌ಗೆ (ಮೇನ್ ಸಂಪರ್ಕ ಬಿಟ್ಟ ಸ್ಥಾನ) ತಂದು ಮೊದಲು ಕಂಟ್ರೋಲ್ ಸಪ್ಲೈನ ಫ್ಯೂಸ್ ತೆಗೆಯಿರಿ. ಇಲ್ಲದಿದ್ದರೆ ನೀವು ಸ್ಪ್ರಿಂಗ್ ಬಿಡಿಸುತ್ತಿದ್ದಂತೆಯೇ ಮೋಟಾರ್ ಅದನ್ನು ಮತ್ತೆ ಚಾರ್ಜ್ ಮಾಡಿಬಿಡಬಹುದು. ಆಮೇಲೆ ಆಫ್, ಆನ್, ಆಫ್ ಎಂದು ಬಟನ್ ಒತ್ತಿ. ಮುಂದಿನ ಕಿಂಡಿಯಲ್ಲಿ 'ಓಪನ್' ಮತ್ತು 'ಡಿಸ್‌ಚಾರ್ಜ್ಡ್' ಎರಡೂ ಕಾಣದೆ ಆರ್ಕ್ ಚ್ಯೂಟ್‌ನ (ಕಿಡಿಯನ್ನು ನಂದಿಸುವ ಪ್ಲೇಟುಗಳ ಪೆಟ್ಟಿಗೆ) ಸ್ಕ್ರೂ ಮುಟ್ಟಬೇಡಿ.

ಚ್ಯೂಟ್ ಒಳಗೆ ತೆಳ್ಳಗೆ ಮಸಿ ಇದ್ದರೆ ಒಣ ಬಟ್ಟೆ ಸಾಕು. ಪ್ಲೇಟ್ ಅಂಚು ಕರಗಿದ್ದರೆ, ಸಾಸಿವೆ ಕಾಳಿನಂಥ ತಾಮ್ರದ ಹನಿ ಅಂಟಿದ್ದರೆ, ಚ್ಯೂಟ್ ಬಿರುಕು ಬಿಟ್ಟಿದ್ದರೆ ಅದು ದೊಡ್ಡ ಶಾರ್ಟ್ ಸರ್ಕ್ಯೂಟನ್ನು ತಡೆದ ಬ್ರೇಕರ್, ಆ ಚ್ಯೂಟ್ ಬದಲಿಸಿ. ಕಾಂಟ್ಯಾಕ್ಟ್ ಕಪ್ಪಾಗಿದೆ ಎಂದು ಅರ, ಮರಳು ಕಾಗದ ಹಿಡಿಯಬೇಡಿ. ಬೆಳ್ಳಿ ಮಿಶ್ರಿತ ತುದಿ ಸವೆದರೆ ಬಿಸಿ ಹೆಚ್ಚುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ನಾರು ಬಿಡದ ಬಟ್ಟೆಯಿಂದ ಒರೆಸಿದರೆ ಸಾಕು. ಕಂಪ್ರೆಸರ್ ಗಾಳಿ ಬೇಡವೇ ಬೇಡ. ಉಪ್ಪಿನ ಪುಡಿಯನ್ನು ಅದು ರಿಲೀಸ್‌ನೊಳಗೆ (ಬ್ರೇಕರನ್ನು ಟ್ರಿಪ್ ಮಾಡಿಸುವ ಭಾಗ) ತೂರಿಸುತ್ತದೆ. ವ್ಯಾಕ್ಯೂಮ್ ಕ್ಲೀನರ್ ಬಳಸಿ. ಗ್ರೀಸ್ ಕಂಪನಿ ಹೇಳಿದ್ದು ಮಾತ್ರ, ಅದೂ ತೆಳ್ಳಗೆ. ಹಳೆಯ ಗ್ರೀಸ್ ಮೇಲೆ ಹೊಸದು ಬಳಿದರೆ ಮೆಕ್ಯಾನಿಸಂ ಬಿಗಿದು, ಟ್ರಿಪ್ ಆಗಬೇಕಾದಾಗ ತಡವಾಗುತ್ತದೆ.

ನಿಮ್ಮಲ್ಲಿ ಉಪ್ಪುಗಾಳಿಯ ಜೊತೆ ಐಸ್ ಮಾಡಲು ಬಳಸುವ ಅಮೋನಿಯಾ ಕೂಡ ಇದೆ ಎಂಬುದನ್ನು ಮರೆಯಬೇಡಿ. ತೇವ ಸೇರಿದ ಅಮೋನಿಯಾ ತಾಮ್ರವನ್ನು ತಿನ್ನುತ್ತದೆ, ಒತ್ತಡದಲ್ಲಿರುವ ಹಿತ್ತಾಳೆಯಲ್ಲಿ ಬಿರುಕು ಹುಟ್ಟಿಸುತ್ತದೆ. ಟರ್ಮಿನಲ್ ಮೇಲೆ ನೀಲಿ-ಹಸಿರು ಕಿಲುಬು ಕಂಡರೆ ಒರೆಸಿ ಸುಮ್ಮನಾಗದೆ, ಕಂಪ್ರೆಸರ್ ರೂಮಿನಿಂದ ಪ್ಯಾನೆಲ್ ರೂಮಿಗೆ ಗಾಳಿ ಬರುವ ದಾರಿ, ಕೇಬಲ್ ಟ್ರೆಂಚ್ ಸೇರಿ, ಎಲ್ಲಿದೆ ಎಂದು ಹುಡುಕಿ ಮುಚ್ಚಿ.

ಸಮಯದ ಬಗ್ಗೆ ನನ್ನ ಅಭಿಪ್ರಾಯ ನಿಮ್ಮದಕ್ಕಿಂತ ಬೇರೆ. ನಿಂತ ಪ್ಯಾನೆಲ್ ತಣ್ಣಗಾಗಿ ಒಳಗೇ ಬೆವರುತ್ತದೆ; ಉಪ್ಪು ಆ ನೀರಿನಲ್ಲಿ ಕರಗಿ ಇನ್ಸುಲೇಷನ್ ಮೇಲೆ ಕರೆಂಟಿಗೆ ದಾರಿ ಮಾಡುತ್ತದೆ. ಮೇ ಕೊನೆಯಲ್ಲೇ ಒಣ ಹವೆಯಲ್ಲಿ ಬಿಚ್ಚಿ ಉಪ್ಪು ತೆಗೆಯಿರಿ. ಆ ಎರಡು ತಿಂಗಳೂ ಪ್ಯಾನೆಲ್ ಹೀಟರ್ ಉರಿಯುತ್ತಿರಲಿ, ಅದಕ್ಕೆ ಬೇರೆ ಸರ್ಕ್ಯೂಟ್‌ನಿಂದ ಸಪ್ಲೈ ಕೊಡಿ. ಒಂದು ಎಚ್ಚರಿಕೆ: ಮೇನ್ ಬಂದ್ ಆದಾಗಲೂ ಆ ವೈರ್‌ನಲ್ಲಿ 230 ವೋಲ್ಟ್ ಇರುತ್ತದೆ. ಪ್ಯಾನೆಲ್ ಬಾಗಿಲಿನ ಮೇಲೆ ಬರೆದು ಅಂಟಿಸಿ, ಕೆಲಸಕ್ಕೆ ಮುಂಚೆ ಅದನ್ನೂ ತೆಗೆಯಿರಿ.

ಜುಲೈ ಕೊನೆಗೆ ಚಾಲೂ ಮಾಡುವ ಮುಂಚೆ 1000 ವೋಲ್ಟ್ ಮೆಗ್ಗರ್‌ನಿಂದ (ಇನ್ಸುಲೇಷನ್ ಅಳೆಯುವ ಮೀಟರ್) ಬ್ರೇಕರ್ ಟೆಸ್ಟ್ ಮಾಡಿಸಿ. ಎಲೆಕ್ಟ್ರಾನಿಕ್ ರಿಲೀಸ್‌ನ ವೈರ್ ಬಿಡಿಸಿರಬೇಕು, ಇಲ್ಲದಿದ್ದರೆ ಅದು ಸುಟ್ಟುಹೋಗುತ್ತದೆ. ಬ್ರೇಕರ್ ಕ್ಲೋಸ್ ಮಾಡಿ ಪೋಲ್-ಪೋಲ್ (ಒಂದೊಂದು ಫೇಸ್‌ಗೆ ಒಂದು ಪೋಲ್), ಪೋಲ್-ಅರ್ತ್ ನಡುವೆ ನೋಡಬೇಕು. ಓಪನ್ ಮಾಡಿ ಪ್ರತಿ ಪೋಲ್‌ನ ಮೇಲಿನ ಮತ್ತು ಕೆಳಗಿನ ಟರ್ಮಿನಲ್ ನಡುವೆ. ಒಂದೊಂದಕ್ಕೆ ಒಂದು ನಿಮಿಷ. 100 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸಿ ಮತ್ತೆ ನೋಡಿ. 100 ಆಂಪಿಯರ್ ಡಿಸಿ ಹರಿಸಿ ಮೂರೂ ಪೋಲ್‌ಗಳ ಕಾಂಟ್ಯಾಕ್ಟ್ ರೆಸಿಸ್ಟೆನ್ಸನ್ನು ಮೈಕ್ರೋಓಮ್‌ನಲ್ಲಿ ಅಳೆಯಿಸಿ: ಅತಿ ಕಡಿಮೆ ಇರುವುದಕ್ಕಿಂತ ಯಾವುದಾದರೂ 50%ಕ್ಕೂ ಹೆಚ್ಚಿದ್ದರೆ ಕಾರಣ ಹುಡುಕಬೇಕು. ರಿಲೀಸ್‌ಗೆ ಸೆಕೆಂಡರಿ ಇಂಜೆಕ್ಷನ್ ಟೆಸ್ಟ್ (ಸಣ್ಣ ಕರೆಂಟ್ ಕೊಟ್ಟು ಸರಿಯಾಗಿ ಟ್ರಿಪ್ ಮಾಡಿಸುತ್ತದೆಯೇ ಎಂದು ನೋಡುವುದು) ಆಗಲಿ. ಇವೆಲ್ಲ ಲೈಸೆನ್ಸ್ ಇರುವ ಗುತ್ತಿಗೆದಾರರ ಕೆಲಸ; ನೀವು ಅಂಕಿಗಳನ್ನು ಪ್ರತಿ ವರ್ಷ ಒಂದೇ ಪುಸ್ತಕದಲ್ಲಿ ಬರೆದಿಡಿ. ರಿಲೀಸ್ ಸೆಟ್ಟಿಂಗ್‌ನ ಫೋಟೋ ಬಿಚ್ಚುವ ಮುಂಚೆಯೇ ತೆಗೆದುಕೊಳ್ಳಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಸೆಟ್ಟಿಂಗ್ ಏರಿಸಿದರೆ ಮುಂದಿನ ಸಲ ಕೇಬಲ್ ಸುಡುತ್ತದೆ.

ಪ್ಯಾನೆಲ್ ಒಳಗಿನ ಎಂಸಿಸಿಬಿಗಳನ್ನು (ಮುಚ್ಚಿದ ಪೆಟ್ಟಿಗೆಯ ಚಿಕ್ಕ ಬ್ರೇಕರ್‌ಗಳು) ಬಿಚ್ಚಬೇಡಿ, ಅವು ಹಾಗೆ ರಿಪೇರಿ ಮಾಡುವಂಥವಲ್ಲ. ಟರ್ಮಿನಲ್ ಬೋಲ್ಟನ್ನು ಮ್ಯಾನ್ಯುಯಲ್‌ನಲ್ಲಿರುವ ಲೆಕ್ಕಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿದು, ಪೇಂಟ್ ಪೆನ್ನಿನಲ್ಲಿ ಗೆರೆ ಎಳೆಯಿರಿ. ಆಗಸ್ಟ್‌ನಲ್ಲಿ ಪೂರ್ತಿ ಲೋಡ್ ಬಂದ ಮೇಲೆ ಥರ್ಮಲ್ ಕ್ಯಾಮೆರಾದಲ್ಲಿ ಮೂರು ಫೇಸ್‌ಗಳನ್ನು ಪಕ್ಕಪಕ್ಕ ನೋಡಿ. ಲೋಡ್ ಸಮವಾಗಿದ್ದೂ ಒಂದು ಮಾತ್ರ ಬಿಸಿಯಿದ್ದರೆ ಆ ಜಾಯಿಂಟ್ ಬಿಚ್ಚಿ ನೋಡಲೇಬೇಕು.