ಇಪ್ಪತ್ಮೂರಕ್ಕೇ ಆಟ ಬಿಟ್ಟವನ ಬಗ್ಗೆ

ಮಾನ್ಯರೇ,

ಶಿವಮೊಗ್ಗದಿಂದ ನೀವು ಬರೆದ ಪತ್ರ ಸೇರಿತು. ಉದ್ದದ ಪತ್ರ, ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ. ಸಾರಾಂಶ ಇಷ್ಟು: ಮೆಲ್ಬರ್ನ್‌ನ ಮಗಳ ಮನೆಗೆ ಹೋಗಿದ್ದಾಗ ಅಳಿಯಂದಿರು ಟಾಮ್ ಬಾಯ್ಡ್ ಎಂಬ ಆಟಗಾರನ ಕಥೆ ಹೇಳಿದರು. ಕೋಟಿಗಟ್ಟಲೆ ಹಣದ ಕಾಂಟ್ರ್ಯಾಕ್ಟ್ ಇನ್ನೂ ಬಾಕಿ ಇರುವಾಗಲೇ ಇಪ್ಪತ್ಮೂರನೇ ವಯಸ್ಸಿಗೆ ಆಟ ಬಿಟ್ಟು ಹೋದವನು ಇವನು. "ಇದು ಸೊಕ್ಕಲ್ಲದೆ ಇನ್ನೇನು?" ಎಂದು ಕೇಳಿದ್ದೀರಿ. ಆರು ವರ್ಷದ ಮೊಮ್ಮಗನಿಗೂ ಅದೇ ಆಟದ ಹುಚ್ಚು ಹತ್ತಿದೆ, ತಡೆಯಬೇಕೆ ಎಂಬುದು ನಿಮ್ಮ ಎರಡನೇ ಪ್ರಶ್ನೆ.

ಸೊಕ್ಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆಂದು ಹೇಳುವ ಮೊದಲು, ಈ ಆಟ ನೋಡಿರದ ಉಳಿದ ಓದುಗರಿಗೆ ಎರಡು ಮಾತು. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಎಂದರೆ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಆಡುವುದು ಕ್ರಿಕೆಟ್ ಮೈದಾನದಷ್ಟು ದೊಡ್ಡ ಅಂಡಾಕಾರದ ಬಯಲಿನಲ್ಲಿ, ಒಂದೊಂದು ಕಡೆ 18 ಜನ. ಚೆಂಡೂ ಮೊಟ್ಟೆಯಾಕಾರದ್ದೇ. ಒದೆಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಕಂಬದ ಸಂದಿಯಲ್ಲಿ ಹೋದರೆ ಒಂದು.

ಎಎಫ್‌ಎಲ್ ಎಂಬ ಅಲ್ಲಿನ ದೊಡ್ಡ ಲೀಗಿಗೆ ಬರುವ ಹುಡುಗರು ತಮಗಿಷ್ಟದ ಕ್ಲಬ್ ಆರಿಸಿಕೊಳ್ಳುವಂತಿಲ್ಲ. ಡ್ರಾಫ್ಟ್‌ನಲ್ಲಿ ಸರದಿಯ ಪ್ರಕಾರ ಕ್ಲಬ್ಬುಗಳೇ ಹುಡುಗರನ್ನು ಆರಿಸಿಕೊಳ್ಳುತ್ತವೆ. 2013ರಲ್ಲಿ ಎಲ್ಲರಿಗಿಂತ ಮೊದಲು ಕೂಗಿದ ಹೆಸರು ಬಾಯ್ಡ್‌ನದು. ಎರಡು ಮೀಟರ್ ಎತ್ತರದ ಮೆಲ್ಬರ್ನ್ ಹುಡುಗ. ಕರೆದದ್ದು ಸಿಡ್ನಿಯ ಹೊಸ ಕ್ಲಬ್, ಗ್ರೇಟರ್ ವೆಸ್ಟರ್ನ್ ಸಿಡ್ನಿ. ಅಲ್ಲಿ ಒಂದು ವರ್ಷ, ಒಂಬತ್ತು ಪಂದ್ಯ. 2014ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನ ವೆಸ್ಟರ್ನ್ ಬುಲ್‌ಡಾಗ್ಸ್ ಅವನನ್ನು ಕರೆಸಿಕೊಂಡಿತು. ಅದರ ನಾಯಕ ರಯಾನ್ ಗ್ರಿಫಿನ್ ತಾನೇ ಕ್ಲಬ್ ಬಿಡುತ್ತೇನೆಂದು ಸಿಡ್ನಿಯತ್ತ ಹೊರಟಿದ್ದ. ಅವನ ಜೊತೆ ಡ್ರಾಫ್ಟ್‌ನ ಆರನೇ ಸರದಿಯನ್ನೂ ಬಿಟ್ಟುಕೊಟ್ಟು ಈ ಹುಡುಗನನ್ನು ಪಡೆದರು. ಏಳು ವರ್ಷಕ್ಕೆ ಸುಮಾರು 70 ಲಕ್ಷ ಡಾಲರ್ ಎಂದು ಪತ್ರಿಕೆಗಳು ಬರೆದವು. ಆಗಿನ ನಮ್ಮ ಲೆಕ್ಕದಲ್ಲಿ 35 ಕೋಟಿ ರೂಪಾಯಿಗೂ ಮೇಲೆ. ಹುಡುಗನಿಗೆ ಆಗ ಹತ್ತೊಂಬತ್ತು.

ಈ ಆಟದಲ್ಲಿ ಎತ್ತರದವರು ಮಾಗುವುದು ತಡ. ಮೂವತ್ತು ಕಿಲೋಮೀಟರ್ ವೇಗದಲ್ಲಿ ನುಗ್ಗಿ ಬರುವ ಗಟ್ಟಿ ದೇಹಗಳ ನಡುವೆ ಎಗರಿ ಚೆಂಡು ಹಿಡಿಯಲು ಭುಜ, ಸೊಂಟ ಬಲಿಯಬೇಕು. ಅದಕ್ಕೆ ವರ್ಷಗಳು ಬೇಕು. ಸಂಬಳ ಮಾತ್ರ ಊರಿಗೆಲ್ಲ ಗೊತ್ತು. ಚೆಂಡು ಕೈತಪ್ಪಿದಾಗಲೆಲ್ಲ ಗ್ಯಾಲರಿಯಲ್ಲಿ ಕೂತವರು ಡಾಲರ್ ಲೆಕ್ಕ ಹಾಕತೊಡಗಿದರು.

ಆ ಲೆಕ್ಕ ಒಂದು ಮಧ್ಯಾಹ್ನ ಚುಕ್ತಾ ಆಯಿತು ಎಂದೇ ನನ್ನ ಅಭಿಪ್ರಾಯ. 2016ರ ಅಕ್ಟೋಬರ್ 1, ಮೆಲ್ಬರ್ನ್ ಕ್ರಿಕೆಟ್ ಮೈದಾನ, ಗ್ರ್ಯಾಂಡ್ ಫೈನಲ್. ಪಟ್ಟಿಯಲ್ಲಿ ಏಳನೇ ಸ್ಥಾನದಿಂದ ಮೇಲೆದ್ದು ಬಂದಿದ್ದ ಬುಲ್‌ಡಾಗ್ಸ್ ಎದುರು ಸಿಡ್ನಿಯ ಇನ್ನೊಂದು ಕ್ಲಬ್, ಸಿಡ್ನಿ ಸ್ವಾನ್ಸ್. ಕೊನೆಯ ಕಾಲುಭಾಗ, ಪಂದ್ಯ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಸಿಡ್ನಿಯ ದೈತ್ಯ ಲ್ಯಾನ್ಸ್ ಫ್ರ್ಯಾಂಕ್ಲಿನ್‌ನನ್ನು ಡೇಲ್ ಮಾರಿಸ್ ಹಿಂದಿನಿಂದ ಬಂದು ತಬ್ಬಿ ಕೆಡವಿದ, ಚೆಂಡು ಜಾರಿತು. ಬಾಯ್ಡ್ ಅದನ್ನು ಬಾಚಿಕೊಂಡವನೇ ಬಲು ದೂರದಿಂದ ಒದ್ದ. ಚೆಂಡು ನೆಲಕ್ಕೆ ಬಿತ್ತು. ಮೊಟ್ಟೆಯಾಕಾರದ ಚೆಂಡು ಯಾವ ಕಡೆ ಪುಟಿಯುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ; ಅವತ್ತು ನೆಟ್ಟಗೆ ಪುಟಿದು ಕಂಬಗಳ ನಡುವೆ ನುಗ್ಗಿತು. ಅದು ಅವನ ಮೂರನೇ ಗೋಲು. ಬುಲ್‌ಡಾಗ್ಸ್ 89, ಸಿಡ್ನಿ 67. ಆ ಕ್ಲಬ್ಬಿಗೆ 1954ರ ನಂತರ ಸಿಕ್ಕ ಮೊದಲ ಕಪ್ ಅದು. ಅಪ್ಪ ಅಜ್ಜಂದಿರ ಕಾಲದಿಂದ ಕಾದಿದ್ದವರು ಹಣ ದಂಡವಾಯಿತು ಎಂದರೆ ನಾನು ನಂಬುವುದಿಲ್ಲ.

ಆ ಫೈನಲ್ಸ್‌ನಲ್ಲಿ ಮಾರಿಸ್ ಬೆನ್ನುಮೂಳೆ ಬಿರುಕು ಬಿಟ್ಟುಕೊಂಡೇ ಆಡಿದ್ದ ಎಂದು ಆಮೇಲೆ ತಿಳಿಯಿತು. ಊರೆಲ್ಲ ಭಲೇ ಎಂದಿತು. ಮರುವರ್ಷ ಬಾಯ್ಡ್ ಖಿನ್ನತೆಯೆಂದು ಆಟದಿಂದ ಬಿಡುವು ಪಡೆದ. ರಾತ್ರಿ ನಿದ್ದೆಯಿಲ್ಲ, ಎದೆ ಒತ್ತಿ ಬರುವ ಗಾಬರಿ. ಮತ್ತೆ ಬಂದು ಆಡಿದ. 2019ರ ಮೇ ತಿಂಗಳಲ್ಲಿ ಇನ್ನಾಗದು ಎಂದು ಹೇಳಿ, ಉಳಿದ ವರ್ಷಗಳ ಹಣವನ್ನೂ ಬಿಟ್ಟು ಎದ್ದು ಹೋದ. ಒಟ್ಟು 61 ಪಂದ್ಯ. ಮೈದಾನಕ್ಕಿಳಿಯದೆ ಹಾಜರಿ ಹಾಕಿಕೊಂಡು ಸಂಬಳ ಎಣಿಸುವ ದಾರಿ ಹುಡುಕಬಹುದಿತ್ತಲ್ಲ? ಸೊಕ್ಕಿನವನಾಗಿದ್ದರೆ ಅದನ್ನೇ ಮಾಡುತ್ತಿದ್ದ.

ಅದೇ ಊರಿನ ಎಸೆಂಡನ್ ಕ್ಲಬ್ಬಿನಲ್ಲಿ ಜಾನ್ ಕೋಲ್ಮನ್ ಎಂಬವನಿದ್ದ. 1949ರಲ್ಲಿ ಮೊದಲ ಪಂದ್ಯದಲ್ಲೇ 12 ಗೋಲು. 1954ರಲ್ಲಿ ಒಂದು ವಾರ 14 ಗೋಲು ಹೊಡೆದ, ಮರುವಾರ ಮಂಡಿಯ ಕೀಲು ತಪ್ಪಿತು. ಇಪ್ಪತ್ತೈದಕ್ಕೇ ಆಟ ಮುಗಿಯಿತು. 98 ಪಂದ್ಯ, 537 ಗೋಲು. ಪ್ರತಿ ವರ್ಷ ಅತಿ ಹೆಚ್ಚು ಗೋಲು ಹೊಡೆದವನಿಗೆ ಇಂದಿಗೂ ಅವನ ಹೆಸರಿನ ಪದಕವನ್ನೇ ಕೊಡುತ್ತಾರೆ. ಅವನ ಬಗ್ಗೆ ಯಾರೂ ಸೊಕ್ಕು ಎನ್ನಲಿಲ್ಲ, ಪಾಪ ಎಂದರು. ಅಳಿಯಂದಿರು ನಿಮಗೆ ಬಾಯ್ಡ್‌ನ ಮಂಡಿ ಹೋಯಿತು ಎಂದು ಹೇಳಿದ್ದರೆ ನೀವೂ ಈ ಪತ್ರ ಬರೆಯುತ್ತಿರಲಿಲ್ಲ. ಮಂಡಿಗೆ ಎಕ್ಸ್‌ರೇ ಇದೆ, ತೋರಿಸಬಹುದು.

ಇನ್ನು ಮೊಮ್ಮಗ. ಅವನ ವಯಸ್ಸಿನ ಮಕ್ಕಳಿಗೆ ಅಲ್ಲಿ ಆಸ್‌ಕಿಕ್ ಎಂಬ ತರಬೇತಿ ಇದೆ, ಬಹುಶಃ ಅವನು ಹೋಗುತ್ತಿರುವುದೂ ಅದಕ್ಕೇ. ಡ್ರಾಫ್ಟ್‌ನ ಮಾತು ಬರುವುದು ಹದಿನೆಂಟಕ್ಕೆ, ಅದೂ ಸಾವಿರಾರು ಮಕ್ಕಳಲ್ಲಿ ಬೆರಳೆಣಿಕೆಯವರಿಗೆ. ಆಡಲಿ ಬಿಡಿ. ನಾನಾಗಿದ್ದರೆ ಮಗಳನ್ನು ಕೇಳುತ್ತಿದ್ದುದು ತಲೆಗೆ ಪೆಟ್ಟು ಬೀಳುವ ವಿಷಯ. ಬಾಯ್ಡ್‌ನ ಮರುವರ್ಷ ಡ್ರಾಫ್ಟ್‌ನಲ್ಲಿ ಮೊದಲಿಗನಾಗಿದ್ದ ಪ್ಯಾಡಿ ಮೆಕಾರ್ಟಿನ್ ತಲೆಗೆ ಪದೇ ಪದೇ ಪೆಟ್ಟು ತಿಂದೇ ಆಟ ಬಿಡಬೇಕಾಯಿತು. ಮಗು ಬಿದ್ದು ತಲೆ ಸುತ್ತುತ್ತದೆ ಎಂದರೆ ಆ ದಿನ ಮತ್ತೆ ಆಡಿಸದೆ ಹೊರಗೆ ಕೂರಿಸುವ ಕೋಚ್ ಇದ್ದಾರೆಯೇ, ಅಷ್ಟನ್ನು ವಿಚಾರಿಸಿ.

— ಸಂಪಾದಕ