ಬೆಂಗಳೂರಿಗೆ ವರ್ಗವಾಗಿದೆ, ಯಾವ ಬಡಾವಣೆಯಲ್ಲಿ ಮನೆ ಮಾಡಲಿ?

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಶಾಖೆಗೆ ವರ್ಗವಾಗಿದ್ದು, ಏಪ್ರಿಲ್‌ನಲ್ಲಿ ಅಲ್ಲಿಗೆ ಹಾಜರಾಗಬೇಕಿದೆ. ನಮ್ಮ ಯಜಮಾನರಿಗೆ ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿದೆ. ಮಗಳು ಏಳನೆಯ ತರಗತಿ ಮುಗಿಸುತ್ತಿದ್ದಾಳೆ. ಜೊತೆಗಿರುವ ಅತ್ತೆಯವರಿಗೆ 71 ವರ್ಷ, ಮೊಣಕಾಲು ನೋವಿದೆ. ಕಾರ್ಖಾನೆಯ ಹತ್ತಿರವೇ ಅಪಾರ್ಟ್‌ಮೆಂಟ್ ನೋಡೋಣ ಎನ್ನುತ್ತಾರೆ ಯಜಮಾನರು. ಮನೆ ಕೊಂಡೇಬಿಡಿ ಎನ್ನುತ್ತಾರೆ ಬಂಧುಗಳು. ಬಾಡಿಗೆಗೆ ತಿಂಗಳಿಗೆ 25 ಸಾವಿರದವರೆಗೆ ಕೊಡಬಲ್ಲೆವು. ಎಲ್ಲಿ ಮನೆ ಮಾಡುವುದು ಒಳ್ಳೆಯದು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಬಂಧುಗಳ ಮಾತನ್ನು ಬದಿಗಿಡಿ. ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಬಾಡಿಗೆ ಮನೆಯಲ್ಲಿ ಕಳೆಯದೆ ಬೆಂಗಳೂರಿನಲ್ಲಿ ಮನೆ ಕೊಳ್ಳಬೇಡಿ.

ಇನ್ನು ಯಜಮಾನರ ಸಲಹೆ. ನಿಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಡಾವಣೆಯಲ್ಲೇ ಇರುವವರು ಅತ್ತೆಯವರು, ಮಧ್ಯಾಹ್ನದ ಮೇಲೆ ಅಲ್ಲಿರುವವಳು ಮಗಳು. ದುಡಿಯುವ ನೀವಿಬ್ಬರೂ ಅಲ್ಲಿ ಹೆಚ್ಚಾಗಿ ನಿದ್ದೆಗಷ್ಟೇ ಇರುತ್ತೀರಿ. ಆದ್ದರಿಂದ ದಿನವಿಡೀ ಇರುವವರ ಅನುಕೂಲವನ್ನು ಮೊದಲು ನೋಡಿ, ಆಮೇಲೆ ಕಚೇರಿ ಮತ್ತು ಕಾರ್ಖಾನೆಯ ದಾರಿಯನ್ನು ಅದಕ್ಕೆ ಹೊಂದಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಹೆದ್ದಾರಿಯ ಬದಿಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಈಜುಕೊಳವಿರಬಹುದು. ಆದರೆ ಸಂಜೆ ಒಂದು ಕಟ್ಟು ಸೊಪ್ಪು ತರಲು ಹೆದ್ದಾರಿಯನ್ನೇ ದಾಟಬೇಕಾದರೆ ಅತ್ತೆಯವರು ಗೇಟಿನಿಂದ ಹೊರಗೆ ಕಾಲಿಡುವುದಿಲ್ಲ.

ನಿಮ್ಮ ಪಾಲಿಗೆ ಒಂದು ಅನುಕೂಲ ಈಚೆಗೆ ಒದಗಿದೆ. ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ, ಅಂದರೆ ಎಲ್ಲರೂ ಆರ್.ವಿ. ರಸ್ತೆ ಎನ್ನುವ ನಿಲ್ದಾಣದಿಂದ, ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಉದ್ದದ ಹಳದಿ ಮೆಟ್ರೊ ಮಾರ್ಗ 2025ರ ಆಗಸ್ಟ್‌ನಲ್ಲಿ ಆರಂಭವಾಯಿತು. ಅದೇ ನಿಲ್ದಾಣದಲ್ಲಿ ಮೆಜೆಸ್ಟಿಕ್‌ಗೆ ಹೋಗುವ ಹಸಿರು ಮಾರ್ಗವೂ ಸೇರುತ್ತದೆ. ಹಾಗಾಗಿ ಹಸಿರು ಮಾರ್ಗದ ದಕ್ಷಿಣ ಭಾಗದಲ್ಲಿ ಮನೆ ಮಾಡಿದರೆ ನೀವು ಒಂದೇ ರೈಲಿನಲ್ಲಿ ನಿಮ್ಮ ಕೆಂಪೇಗೌಡ ರಸ್ತೆಗೆ ಹತ್ತಿರದ ಮೆಜೆಸ್ಟಿಕ್ ತಲುಪುತ್ತೀರಿ, ಯಜಮಾನರು ಒಮ್ಮೆ ರೈಲು ಬದಲಿಸಿದರೆ ಬೊಮ್ಮಸಂದ್ರ ಸೇರುತ್ತಾರೆ. ಜಯನಗರ ಮತ್ತು ಬನಶಂಕರಿಯ ಹಳೆಯ ಭಾಗಗಳಲ್ಲಿ ನಿಮ್ಮ ಮೊತ್ತಕ್ಕೆ ಎರಡು ಕೋಣೆಯ ನೆಲಮಹಡಿ ಮನೆ ಸಿಗುವುದು ಕಷ್ಟ. ಯಲಚೇನಹಳ್ಳಿ ಮತ್ತು ಕೋಣನಕುಂಟೆ ಕ್ರಾಸ್‌ನ ಒಳರಸ್ತೆಗಳಲ್ಲಿ ಹುಡುಕಿ. ಕೋಣನಕುಂಟೆ ಕ್ರಾಸ್‌ನಿಂದ ಆರ್.ವಿ. ರಸ್ತೆ ನಾಲ್ಕನೆಯ ನಿಲ್ದಾಣ. ಆದರೆ ಯಜಮಾನರಿಗೆ ಬೆಳಗಿನ ಆರರ ಪಾಳಿ ಬಿದ್ದರೆ ಮೆಟ್ರೊವನ್ನು ನಂಬುವಂತಿಲ್ಲ. ಕಾರ್ಖಾನೆಯ ಬಸ್ಸು ಬನಶಂಕರಿಯ ಕಡೆಗೆ ಬರುತ್ತದೆಯೇ ಎಂದು ಮನೆ ಹುಡುಕುವ ಮುಂಚೆಯೇ ವಿಚಾರಿಸಲಿ.

ನೀರಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ತುಂಗೆಯ ನೀರು ಕುಡಿದು ಬೆಳೆದವರಿಗೆ ಇದು ಹೊಳೆಯುವುದಿಲ್ಲ. ಸುಮಾರು 100 ಕಿ.ಮೀ. ದೂರದಿಂದ ಪಂಪು ಮಾಡಿ ತರುವ ಕಾವೇರಿ ನೀರು ಬೆಂಗಳೂರಿನ ಎಲ್ಲ ಮನೆಗಳಿಗೂ ಒಂದೇ ಸಮ ಬರುವುದಿಲ್ಲ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೆಯ ಹಂತಕ್ಕೆ ಚಾಲನೆ ಸಿಕ್ಕಿದ್ದೇ 2024ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗಾಗಿ ಜನ ಪರದಾಡಿದ್ದರು. ಮನೆ ನೋಡಲು ಹೋದಾಗ ‘ನೀರು ಚೆನ್ನಾಗಿದೆ’ ಎಂಬ ಮಾಲೀಕರ ಮಾತನ್ನು ಕೇಳಿಸಿಕೊಂಡು, ಬಚ್ಚಲುಮನೆಗೆ ಹೋಗಿ ನಲ್ಲಿಯ ಬಾಯನ್ನು ನೋಡಿ. ಅಲ್ಲಿ ಬಿಳಿಯ ಸುಣ್ಣದಂಥ ಹರಳು ದಪ್ಪಗೆ ಕಟ್ಟಿದ್ದರೆ ಬೋರ್‌ವೆಲ್‌ನದೋ ಟ್ಯಾಂಕರಿನದೋ ಗಡಸು ನೀರನ್ನೇ ಹೆಚ್ಚು ಬಳಸುತ್ತಿದ್ದಾರೆ ಎಂದು ತಿಳಿಯಬಹುದು. ಸಂಪ್‌ಗೆ, ಅಂದರೆ ನೆಲದಡಿಯ ನೀರಿನ ತೊಟ್ಟಿಗೆ, ವಾರದಲ್ಲಿ ಎಷ್ಟು ದಿನ ಕಾವೇರಿ ನೀರು ಬೀಳುತ್ತದೆ, ಟ್ಯಾಂಕರಿನ ಹಣ ಬಾಡಿಗೆಯಲ್ಲಿ ಸೇರಿದೆಯೋ ಬೇರೆಯೋ ಎಂಬುದನ್ನೂ ಕೇಳಿ. ಮಾಲೀಕರಿಗಿಂತ ನಿಜವಾದ ಉತ್ತರ ಬೀದಿಯ ಮೂಲೆಯ ಇಸ್ತ್ರಿಯವರಿಂದ ಸಿಗುತ್ತದೆ. ಟ್ಯಾಂಕರು ಯಾವ ಮನೆಯ ಮುಂದೆ ನಿಲ್ಲುತ್ತದೆ ಎಂಬುದನ್ನು ಅವರು ದಿನವೂ ನೋಡುತ್ತಿರುತ್ತಾರೆ. ತಗ್ಗಿನಲ್ಲಿರುವ ಅಥವಾ ಮಳೆನೀರು ಹರಿಯುವ ರಾಜಕಾಲುವೆಗೆ ಅಂಟಿಕೊಂಡ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಬದಿಯಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದಲೂ ಜನ ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಬಂದರು.

ಶಾಲೆಯ ಮಟ್ಟಿಗೆ ನಿಮ್ಮ ಸಮಯ ಚೆನ್ನಾಗಿದೆ. ರಾಜ್ಯ ಪಠ್ಯಕ್ರಮದಲ್ಲಿ ಪ್ರೌಢಶಾಲೆ ಎಂಟನೆಯ ತರಗತಿಯಿಂದ ಶುರುವಾಗುವುದರಿಂದ ಮಗಳು ಹೇಗೂ ಶಾಲೆ ಬದಲಿಸುವ ಘಟ್ಟದಲ್ಲಿದ್ದಾಳೆ. ಪಠ್ಯಕ್ರಮವನ್ನು ಮಾತ್ರ ಈಗ ಬದಲಿಸಬೇಡಿ. ಶಾಲೆಯಲ್ಲಿ ಸೀಟು ಖಚಿತವಾದ ಮೇಲೆಯೇ ಮನೆಗೆ ಅಡ್ವಾನ್ಸ್ ಕೊಡಿ. ಇದನ್ನು ತಿರುಗುಮುರುಗು ಮಾಡಿಕೊಂಡವರ ಮಕ್ಕಳು ವ್ಯಾನಿನಲ್ಲಿ ಕೂತು ನಗರ ಸುತ್ತುತ್ತಾರೆ.

ಅತ್ತೆಯವರಿಗೆ ನೆಲಮಹಡಿ, ಇಲ್ಲವೇ ಲಿಫ್ಟ್ ಮತ್ತು ಅದಕ್ಕೆ ಜನರೇಟರ್ ಇರುವ ಕಟ್ಟಡ ನೋಡಿ. ಮುಂಗಡ ಕೊಡುವ ಮುಂಚೆ ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ, ಮನೆಯಿಂದ ಔಷಧಿ ಅಂಗಡಿ, ತರಕಾರಿ ಅಂಗಡಿ ಮತ್ತು ದೇವಸ್ಥಾನದವರೆಗೆ ಅವರದೇ ನಡಿಗೆಯಲ್ಲಿ ನಡೆಯಿರಿ. ದಾರಿಯಲ್ಲಿ ಎಷ್ಟು ಕಡೆ ಫುಟ್‌ಪಾತಿನಿಂದ ಕೆಳಗಿಳಿದು ಹತ್ತಬೇಕಾಗುತ್ತದೆ ಎಂಬುದನ್ನು ಎಣಿಸಿ.

ಪ್ರಶ್ನೆ: ನಾವೂ ಬೆಂಗಳೂರಿಗೆ ಹೊರಟಿದ್ದೇವೆ. ತಿಂಗಳ ಬಾಡಿಗೆಯ ಬದಲು, ಮನೆ ಬಿಡುವಾಗ ವಾಪಸು ಸಿಗುವಂತೆ ಹನ್ನೆರಡು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಲೀಸ್‌ಗೆ ಮನೆ ಹಿಡಿಯಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಗುರುತು ಪರಿಚಯವಿಲ್ಲದ ಊರಿನಲ್ಲಿ ಮೊದಲ ವರ್ಷವೇ ಬೇಡ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಮಾಲೀಕರು ಕಂತು ಕಟ್ಟದಿದ್ದರೆ ಬ್ಯಾಂಕು ಮನೆಯನ್ನು ವಶಪಡಿಸಿಕೊಳ್ಳುತ್ತದೆ, ನಿಮ್ಮ ಹಣಕ್ಕೆ ನೀವು ಅಲೆಯಬೇಕಾಗುತ್ತದೆ. ಮಾಲೀಕರಿಂದ ಬಾಡಿಗೆಗೆ ಪಡೆದ ಮನೆಯನ್ನು ಇನ್ನೊಬ್ಬರಿಗೆ ಲೀಸ್‌ಗೆ ಕೊಟ್ಟು ಹಣದೊಂದಿಗೆ ಕಾಣೆಯಾಗುವ ಮಧ್ಯವರ್ತಿಗಳೂ ಇದ್ದಾರೆ. ಹಿಡಿಯಲೇಬೇಕಾದರೆ ಮಾಲೀಕರನ್ನು ಮುಖತಃ ಕಂಡು, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ ವಕೀಲರಿಗೆ ತೋರಿಸಿ, ಪೂರ್ತಿ ಮೊತ್ತವನ್ನು ಮಾಲೀಕರ ಬ್ಯಾಂಕ್ ಖಾತೆಗೇ ಹಾಕಿ. ಒಂದು ವರ್ಷಕ್ಕೆ ಮೀರಿದ ಕರಾರನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದು ಕಡ್ಡಾಯ. ‘ಅದೆಲ್ಲ ಬೇಡ, ಛಾಪಾ ಕಾಗದದ ಮೇಲೆ ಬರೆದುಕೊಂಡರೆ ಸಾಕು’ ಎನ್ನುವವರ ಮನೆಯನ್ನು ಬಿಟ್ಟು ಮುಂದಿನ ಟು-ಲೆಟ್ ಬೋರ್ಡು ನೋಡಿ.