ಬೆಕ್ಕು ಮಲ್ಲಿಗೆಯ ನಾರು ನುಂಗಿದೆ, ಎಳೆದು ತೆಗೆಯಬಹುದಾ?

ಓದುಗರ ಪ್ರಶ್ನೆಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ಶಂಕರಪುರದ ಹತ್ತಿರ. ಮನೆಯಲ್ಲಿ ಮಲ್ಲಿಗೆ ಕಟ್ಟುತ್ತೇವೆ. ಒಂದೂವರೆ ವರ್ಷದ ಹೆಣ್ಣು ಬೆಕ್ಕು ಉಂಟು. ಮೊನ್ನೆ ಹೂ ಕಟ್ಟಲು ಸೀಳಿಟ್ಟಿದ್ದ ಬಾಳೆನಾರಿನಲ್ಲಿ ಆಡುತ್ತಾ ಇತ್ತು. ಒಂದು ಎಳೆ ನುಂಗಿದ್ದನ್ನು ಮಗಳು ಕಣ್ಣಾರೆ ನೋಡಿದ್ದಾಳೆ. ನಿನ್ನೆಯಿಂದ ಮೂರ್ನಾಲ್ಕು ಸಲ ವಾಂತಿ ಮಾಡಿದೆ. ಬೂತಾಯಿ ಮೀನು ಇಟ್ಟರೂ ಮೂಸಿ ನೋಡಿ ಹೋಗುತ್ತದೆ. ಇವತ್ತು ಬೆಳಿಗ್ಗೆ ಹಿಂದಿನಿಂದ ನಾರಿನ ತುದಿ ಎರಡಿಂಚು ಹೊರಗೆ ಕಾಣುತ್ತಿದೆ. ಎಳೆದು ತೆಗೆಯಬಹುದಾ? ಸ್ವಲ್ಪ ತೆಂಗಿನೆಣ್ಣೆ ಕುಡಿಸು, ಜಾರಿ ಬರುತ್ತದೆ ಎಂದು ಅತ್ತೆ ಹೇಳುತ್ತಾರೆ.

ಉತ್ತರ: ಎಳೆಯಬೇಡಿ. ಎಣ್ಣೆಯೂ ಬೇಡ. ಇಷ್ಟನ್ನು ಅವತ್ತೇ ಫೋನಿನಲ್ಲಿ ಹೇಳಿ ನಿಮ್ಮನ್ನು ಆಸ್ಪತ್ರೆಗೆ ಕಳಿಸಿದ್ದಾಯಿತು. ಆಪರೇಷನ್ ಆಗಿ ಬೆಕ್ಕು ಈಗ ಮೀನು ಮುಟ್ಟುತ್ತಿದೆ ಎಂದು ನೀವೇ ತಿಳಿಸಿದಿರಿ. ಸಂತೋಷ. ಯಾಕೆ ಬೇಡ ಅಂದೆ ಎನ್ನುವುದನ್ನು ಉಳಿದವರಿಗಾಗಿ ಬಿಡಿಸಿ ಬರೆಯುತ್ತೇನೆ. ಉಡುಪಿ, ಮಂಗಳೂರಿನ ಎಷ್ಟೋ ಮನೆಗಳಿಗೆ ವಾರ ತಪ್ಪದೆ ಮಲ್ಲಿಗೆ ಬರುತ್ತದೆ. ಮಲ್ಲಿಗೆ ಹೂವಿನಿಂದ ಬೆಕ್ಕಿಗೆ ವಿಷವಿಲ್ಲ. ತೊಂದರೆ ಇರುವುದು ಅದನ್ನು ಕಟ್ಟಿದ ನಾರಿನಲ್ಲಿ.

ನಾಣ್ಯ ನುಂಗಿತು, ಬಟನ್ ನುಂಗಿತು ಅಂದರೆ ಜನ ಗಾಬರಿಯಾಗಿ ಓಡಿ ಬರುತ್ತಾರೆ. ದಾರ ನುಂಗಿದರೆ ಮಾತ್ರ "ದಾರ ಅಲ್ವಾ, ಮೆತ್ತಗಿದೆ, ಹೋಗ್ತದೆ ಬಿಡಿ" ಎಂದು ಸುಮ್ಮನಿರುತ್ತಾರೆ. ನನ್ನನ್ನು ಕೇಳಿದರೆ ಹೆದರಬೇಕಾದದ್ದು ದಾರಕ್ಕೇ. ಬಾಳೆನಾರು, ಹೊಲಿಗೆಯ ನೂಲು, ಉಲ್ಲನ್, ಗಾಳದ ನೈಲಾನ್, ಗಿಫ್ಟ್ ಪೊಟ್ಟಣದ ರಿಬ್ಬನ್, ಹಳೆ ಕ್ಯಾಸೆಟ್ಟಿನ ಟೇಪ್, ಎಲ್ಲವೂ ಒಂದೇ ಜಾತಿ.

ಒಳಗೆ ಆಗುವುದು ಹೀಗೆ. ದಾರದ ಒಂದು ತುದಿ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಬೆಕ್ಕಿನಲ್ಲಿ ಸಾಮಾನ್ಯವಾಗಿ ಎರಡು ಜಾಗ: ನಾಲಗೆಯ ಬುಡ, ಇಲ್ಲವೇ ಜಠರದಿಂದ ಕರುಳಿಗೆ ಹೋಗುವ ಬಾಗಿಲು. ಉಳಿದ ಉದ್ದ ಕರುಳಿಗೆ ಇಳಿಯುತ್ತದೆ. ಕರುಳು ತನ್ನ ಅಭ್ಯಾಸದಂತೆ ಅದನ್ನು ಮುಂದಕ್ಕೆ ತಳ್ಳುತ್ತದೆ. ಸಿಕ್ಕಿಕೊಂಡ ತುದಿ ಬಿಡುವುದಿಲ್ಲ. ಆಗ ದಾರ ಮುಂದೆ ಹೋಗುವ ಬದಲು ಕರುಳೇ ದಾರದ ಮೇಲೆ ಹತ್ತಿ ಬರುತ್ತದೆ, ಲಂಗದ ಲಾಡಿ ಎಳೆದಾಗ ಬಟ್ಟೆ ನೆರಿಗೆ ನೆರಿಗೆಯಾಗಿ ಒಂದೆಡೆ ಕೂಡುವ ಹಾಗೆ. ಬಿಗಿಯಾದ ದಾರ ಪ್ರತಿ ನೆರಿಗೆಯ ಒಳಮೈಯನ್ನು ಉಜ್ಜಿ ಉಜ್ಜಿ ಕೊಯ್ಯುತ್ತದೆ. ಒಂದು ಕಡೆ ತೂತು ಬಿದ್ದರೆ ಸಾಕು, ಕರುಳಿನ ಹೊಲಸು ಹೊಟ್ಟೆಯೊಳಗೆ ಸೋರಿ ಸೋಂಕಾಗುತ್ತದೆ. ಅಲ್ಲಿಂದ ಮುಂದೆ ಬೆಕ್ಕನ್ನು ಉಳಿಸುವುದು ಕಷ್ಟ. ಹೊರಗೆ ಕಂಡ ತುದಿಯನ್ನು ನೀವು ಎಳೆದರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ, ಅಷ್ಟೆ.

ಹಾಗಾದರೆ ಕಂಡ ತುದಿಯನ್ನು ಏನು ಮಾಡುವುದು? ಹಿಂದಿನಿಂದ ಉದ್ದಕ್ಕೆ ನೇತಾಡಿ ನೆಲಕ್ಕೆ ತಾಗುತ್ತಿದ್ದರೆ, ಒಂದೆರಡು ಇಂಚು ಹೊರಗೆ ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಕತ್ತರಿಸಿ. ಇಲ್ಲದಿದ್ದರೆ ಬೆಕ್ಕೇ ಅದನ್ನು ತುಳಿಯುತ್ತದೆ, ನೆಕ್ಕಿ ಎಳೆಯುತ್ತದೆ. ಬಾಯಿಂದ ನೇತಾಡುತ್ತಿದ್ದರೆ ಎಳೆಯಲೂ ಬೇಡಿ, ಕತ್ತರಿಸಲೂ ಬೇಡಿ. ಆ ತುದಿ ಒಳಗೆ ಹೋದರೆ ನಮಗೆ ಹುಡುಕಾಟ ಜಾಸ್ತಿಯಾಗುತ್ತದೆ. ನೂಲಿನ ಇನ್ನೊಂದು ತುದಿಯಲ್ಲಿ ಸೂಜಿ ಇರಲೂಬಹುದು. ಮನೆಯಲ್ಲಿ ಹೊಲಿಗೆ ಮೆಷಿನ್ ಇರುವವರು ಇದನ್ನು ಮರೆಯಬೇಡಿ.

ವಾಂತಿ ಮಾಡುವ ಬೆಕ್ಕು ಟೇಬಲ್ ಮೇಲೆ ಬಂದರೆ ನಾವು ಮೊದಲು ನೋಡುವ ಜಾಗಗಳಲ್ಲಿ ನಾಲಗೆಯ ಅಡಿಯೂ ಒಂದು. ಒಂದು ಕೈಯಲ್ಲಿ ಬಾಯಿ ತೆರೆದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೆಳದವಡೆಯ ಎರಡು ಮೂಳೆಗಳ ನಡುವಿನ ಮೆತ್ತನೆ ಜಾಗವನ್ನು ಹೊರಗಿನಿಂದ ಮೇಲಕ್ಕೆ ಒತ್ತುತ್ತೇವೆ. ನಾಲಗೆ ಎದ್ದು ನಿಲ್ಲುತ್ತದೆ. ನಾರು ಸುತ್ತಿಕೊಂಡಿದ್ದರೆ ನಾಲಗೆಯ ಅಡಿಯನ್ನು ಬಾಯಿಯ ತಳಕ್ಕೆ ಹಿಡಿದಿರುವ ನಡುಪೊರೆಯ ಎರಡೂ ಬದಿಗೆ ಕೆಂಪಗೆ ಕೊರೆದ ಗೆರೆ, ಅದರೊಳಗೆ ಹೂತುಹೋದ ಬಿಳಿ ಎಳೆ ಕಾಣುತ್ತದೆ. ಸಾಧು ಬೆಕ್ಕಾದರೆ ನೀವೂ ಒಮ್ಮೆ ನೋಡಬಹುದು. ಒದ್ದಾಡಿದರೆ ಬಿಟ್ಟುಬಿಡಿ. ನೋವಿನಲ್ಲಿರುವ ಬೆಕ್ಕು ಕಚ್ಚಿದರೆ ಹಲ್ಲು ಆಳಕ್ಕೆ ಇಳಿಯುತ್ತದೆ, ನೀವೂ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

"ಅಷ್ಟು ಬುದ್ಧಿ ಇರುವ ಪ್ರಾಣಿ ಉಗಿಯಬಾರದಾ" ಎಂದು ಕೇಳುವವರಿದ್ದಾರೆ. ಪಾಪ, ಉಗಿಯುವುದು ಅದಕ್ಕೆ ಸುಲಭವಲ್ಲ. ಬೆಕ್ಕಿನ ನಾಲಗೆಯ ಮೇಲಿನ ಸಣ್ಣ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿವೆ. ದಾರ ಒಮ್ಮೆ ಅದಕ್ಕೆ ಸಿಕ್ಕಿತೋ, ನಾಲಗೆ ಆಡಿಸಿದಷ್ಟೂ ಒಳಗೇ ಹೋಗುತ್ತದೆ.

ಇನ್ನು ಅತ್ತೆಯವರ ತೆಂಗಿನೆಣ್ಣೆ. ಒಲ್ಲದ ಬೆಕ್ಕಿನ ಬಾಯಿಗೆ ಎಣ್ಣೆ ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ನೀರಾದರೆ ಕೆಮ್ಮು ಬರುತ್ತದೆ, ಎಣ್ಣೆ ಸದ್ದಿಲ್ಲದೆ ಇಳಿಯುತ್ತದೆ. ಆಮೇಲೆ ನ್ಯುಮೋನಿಯಾ. ಹರಳೆಣ್ಣೆ, ಭೇದಿ ಮಾತ್ರೆ ಕೊಟ್ಟರೆ ಮೊದಲೇ ಬಿಗಿದ ಕರುಳು ಇನ್ನಷ್ಟು ಜೋರಾಗಿ ಹಿಂಡುತ್ತದೆ. ಮಕ್ಕಳು ನಾಣ್ಯ ನುಂಗಿದರೆ ಬಾಳೆಹಣ್ಣು ತಿನ್ನಿಸುವ ರೂಢಿ ನಮ್ಮಲ್ಲಿದೆ, ಅದನ್ನು ಬೆಕ್ಕಿನ ಮೇಲೆ ಪ್ರಯೋಗ ಮಾಡುವವರೂ ಇದ್ದಾರೆ. ಹೆಚ್ಚಿನ ಬೆಕ್ಕುಗಳು ಬಾಳೆಹಣ್ಣು ಮುಟ್ಟುವುದೇ ಇಲ್ಲ, ಹಾಗಾಗಿ ಅದರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ.

ಒಂದು ಮಾತು ಎಕ್ಸ್‌ರೇ ಬಗ್ಗೆ. ಲೋಹ, ಕಲ್ಲು, ಮೂಳೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತವೆ. ನಾರು, ನೂಲು, ರಬ್ಬರ್ ಬ್ಯಾಂಡ್, ಹಾಲಿನ ಪ್ಯಾಕೆಟ್ಟಿನ ಚೂರು ಹಾಗೆ ಕಾಣುವುದಿಲ್ಲ. ಕರುಳು ಒಂದೆಡೆ ಮುದ್ದೆಯಾಗಿದೆಯಾ, ಗಾಳಿಯ ಗುಳ್ಳೆಗಳ ಆಕಾರ ಕೆಟ್ಟಿದೆಯಾ ಎಂದು ನೋಡಿ ಊಹಿಸಬೇಕು, ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಬೇಕು. ಆದ್ದರಿಂದ "ಎಕ್ಸ್‌ರೇ ಕ್ಲೀನ್ ಉಂಟು" ಎಂದ ಮಾತ್ರಕ್ಕೆ ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಬೇಡಿ. ನುಂಗಿದ್ದನ್ನು ಕಂಡವರು ಇದ್ದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ನಿಮ್ಮ ಮಗಳು ಹೇಳಿದ ಒಂದು ಮಾತಿನಿಂದ ಅರ್ಧ ಕೆಲಸ ಮುಗಿದಿತ್ತು.

ಪ್ರಶ್ನೆ: ನಾವು ಮಂಗಳೂರಿನ ಬಿಜೈಯಲ್ಲಿ ಫ್ಲ್ಯಾಟಿನಲ್ಲಿದ್ದೇವೆ. ಡ್ರೆಸ್ಸಿಂಗ್ ಟೇಬಲ್ ಮೇಲೆ ಬಿಚ್ಚಿಟ್ಟಿದ್ದ ಓಲೆಯ ತಿರುಪನ್ನು ಬೆಕ್ಕು ತಟ್ಟಿ ತಟ್ಟಿ ಆಡುತ್ತಿತ್ತು. ನನ್ನ ಎದುರಿಗೇ ನುಂಗಿತು. ಚಿನ್ನದ್ದು! ಈಗ ಅರ್ಧ ಗಂಟೆಯಾಯಿತು, ಏನೂ ಆಗದ ಹಾಗೆ ಓಡಾಡುತ್ತಿದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಾ? ಹೈಡ್ರೋಜನ್ ಪೆರಾಕ್ಸೈಡ್ ಕೊಡಿ ಎಂದು ಯೂಟ್ಯೂಬಿನಲ್ಲಿ ನೋಡಿದೆ.

ಉತ್ತರ: ಎರಡೂ ಬೇಡ ಮಾರಾಯ್ರೆ. ಉಪ್ಪು ಜಾಸ್ತಿಯಾದರೆ ಅದೇ ವಿಷ. ಪೆರಾಕ್ಸೈಡ್ ಬೆಕ್ಕಿನ ಜಠರದ ಒಳಪದರವನ್ನು ಸುಟ್ಟು ರಕ್ತ ಬರಿಸುತ್ತದೆ. ನೀವು ನೋಡಿದ ವಿಡಿಯೊ ನಾಯಿಯದ್ದಿರಬೇಕು. ಗಂಟಲಿಗೆ ಬೆರಳು ಹಾಕುವುದೂ ಬೇಡ. ವಾಂತಿ ಮಾಡಿಸಬೇಕಾದರೆ ಅದಕ್ಕೆ ಇಂಜೆಕ್ಷನ್ ಉಂಟು, ಅದು ವೈದ್ಯರ ಕೈಯಲ್ಲಿ ಆಗಬೇಕು. ಅದೂ ನಯವಾದ ಸಣ್ಣ ವಸ್ತುವಿಗೆ ಮಾತ್ರ. ಚೂಪಾದದ್ದು, ದಾರ, ಬ್ಯಾಟರಿ ಇವಕ್ಕೆಲ್ಲ ವಾಂತಿ ಮಾಡಿಸಿದರೆ ಹೋಗುವಾಗ ಆಗದ ಗಾಯ ಬರುವಾಗ ಆಗುತ್ತದೆ.

ತಿರುಪು ಸಣ್ಣದು, ಹೆಚ್ಚುಕಮ್ಮಿ ನಯವಾದದ್ದು. ತಾನಾಗಿ ಹೊರಬೀಳುವ ಸಾಧ್ಯತೆಯೇ ಜಾಸ್ತಿ. ಆದರೂ ಈಗಲೇ ವೈದ್ಯರಿಗೆ ಫೋನ್ ಮಾಡಿ ಅನ್ನುವುದಕ್ಕೆ ಕಾರಣವಿದೆ. ವಸ್ತು ಜಠರದಲ್ಲಿರುವ ಹೊತ್ತಿನಲ್ಲಿ ವಾಂತಿ ಮಾಡಿಸಿ ತೆಗೆಯಬಹುದು, ಎಂಡೋಸ್ಕೋಪಿ ಇರುವ ಕಡೆ ಕೊಳವೆ ಇಳಿಸಿ ಹಿಡಿದು ತೆಗೆಯಬಹುದು. ಕರುಳಿಗೆ ಇಳಿದು ಅಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ಯುವುದೊಂದೇ ದಾರಿ. ವೈದ್ಯರು ಹೇಳುವವರೆಗೆ ಊಟ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರಬೇಕು.

ಹೋಗುವಾಗ ಉಳಿದ ಇನ್ನೊಂದು ತಿರುಪನ್ನು ಜೊತೆಗೆ ಒಯ್ಯಿರಿ. ಎಕ್ಸ್‌ರೇ ತೆಗೆಯುವಾಗ ಬೆಕ್ಕಿನ ಪಕ್ಕದಲ್ಲಿ ಅದನ್ನೂ ಇಟ್ಟರೆ ಎರಡರ ಆಕಾರ, ಅಳತೆ ಒಂದೇ ಚಿತ್ರದಲ್ಲಿ ಸಿಗುತ್ತದೆ. ಬಟನ್, ಆಟಿಕೆಯ ಚೂರು, ಯಾವುದೇ ಇರಲಿ, ಅದರ ಜೋಡಿ ಮನೆಯಲ್ಲಿದ್ದರೆ ತಂದು ತೋರಿಸಿ.

ಕಾದು ನೋಡೋಣ ಎಂದು ವೈದ್ಯರು ಹೇಳಿದರೆ ಬೆಕ್ಕನ್ನು ಹೊರಗೆ ಬಿಡಬೇಡಿ. ಪಕ್ಕದ ಕಾಂಪೌಂಡಿನಲ್ಲಿ ಹೋಗಿ ಮಣ್ಣು ಮುಚ್ಚಿ ಬಂದರೆ ನಿಮಗೆ ಗೊತ್ತಾಗುವುದು ಹೇಗೆ? ಪ್ರತಿ ಸಲದ ಮಲವನ್ನು ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ, ಸ್ವಲ್ಪ ನೀರು ಬಿಟ್ಟು, ಹೊರಗಿನಿಂದ ಬೆರಳಲ್ಲಿ ಹಿಸುಕಿ ನೋಡಿ. ಗಟ್ಟಿಯಾದದ್ದು ಕೈಗೆ ಸಿಗುತ್ತದೆ. ಚಿನ್ನ ಅಂದಮೇಲೆ ಈ ಕೆಲಸಕ್ಕೆ ಮನೆಯಲ್ಲಿ ಯಾರೂ ಬೇಡ ಅನ್ನಲಿಕ್ಕಿಲ್ಲ. ಒಂದೆರಡು ದಿನದಲ್ಲಿ ಬಾರದಿದ್ದರೆ ಇನ್ನೊಂದು ಎಕ್ಸ್‌ರೇ ತೆಗೆದು, ಇದ್ದಲ್ಲೇ ಇದೆಯಾ, ಮುಂದೆ ಸಾಗಿದೆಯಾ ಎಂದು ನೋಡುತ್ತಾರೆ.

ಈ ನಡುವೆ ಮತ್ತೆ ಮತ್ತೆ ವಾಂತಿ, ಜೊಲ್ಲು, ಹೊಟ್ಟೆ ಮುಟ್ಟಿದರೆ ಗುರುಗುಟ್ಟುವುದು, ಬೆನ್ನು ಬಾಗಿಸಿ ಕೂರುವುದು, ಮಂಚದ ಅಡಿ ಸೇರಿ ಹೊರಗೆ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯಬೇಡಿ. ಬೆಕ್ಕು ನೋವನ್ನು ಬಾಯಿಬಿಟ್ಟು ಹೇಳುವ ಪ್ರಾಣಿಯಲ್ಲ, ಮೂಲೆ ಹಿಡಿಯುವುದೇ ಅದರ ದೂರು. ಊಟ ಬಿಟ್ಟರಂತೂ ಎರಡು ಮೂರು ದಿನ ನೋಡುತ್ತಾ ಕೂರುವ ಹಾಗಿಲ್ಲ. ಅಷ್ಟರಲ್ಲಿ ಲಿವರಿಗೆ ಕೊಬ್ಬು ತುಂಬತೊಡಗುತ್ತದೆ, ದಪ್ಪ ಬೆಕ್ಕುಗಳಲ್ಲಿ ಇನ್ನೂ ಬೇಗ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಬೆಕ್ಕಿನ ಲಿವರಿಗೆ ಅದನ್ನು ಅರಗಿಸುವ ಶಕ್ತಿಯಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಕಾಯುವ ಮಾತೇ ಇಲ್ಲದ ವಸ್ತುಗಳೂ ಇವೆ. ವಾಚು, ಕಾರಿನ ಕೀಲಿ, ಮಕ್ಕಳ ಆಟಿಕೆಯಲ್ಲಿರುವ ಬಿಲ್ಲೆ ಬ್ಯಾಟರಿ ಅನ್ನನಾಳದಲ್ಲಿ ನಿಂತರೆ ಗಂಟೆಯೊಳಗೇ ಸುಡಲು ಶುರುಮಾಡುತ್ತದೆ. ಮುಗಿದ ಬ್ಯಾಟರಿಯಲ್ಲೂ ಸುಡುವಷ್ಟು ಕರೆಂಟ್ ಉಳಿದಿರಬಹುದು. ಸಣ್ಣ ಅಯಸ್ಕಾಂತದ ತುಂಡು ಎರಡು ನುಂಗಿದ್ದರೆ, ಕರುಳಿನ ಎರಡು ಸುರುಳಿಗಳ ಒಳಗಿಂದ ಒಂದನ್ನೊಂದು ಹಿಡಿದುಕೊಂಡು ನಡುವಿನ ಗೋಡೆಯನ್ನು ತೂತು ಮಾಡುತ್ತವೆ. ಮಳೆಗಾಲದಲ್ಲಿ ಕಪಾಟಿಗೆ ಹಾಕುವ ನುಸಿ ಗುಳಿಗೆ ಗುಂಡಗೆ, ನಯವಾಗಿ ಇದ್ದರೂ ಅದು ವಿಷ. ಇವುಗಳಲ್ಲಿ ಯಾವುದೇ ಆದರೂ ರಾತ್ರಿ ಎಷ್ಟು ಹೊತ್ತಾಗಿದ್ದರೂ ಹೊರಡಿ.

ಪ್ರಶ್ನೆ: ನಮ್ಮ ಗಂಡು ಬೆಕ್ಕು ರಬ್ಬರ್ ಬ್ಯಾಂಡ್ ನುಂಗಿರಬೇಕು ಅಂತ ಅನುಮಾನ. ನಿನ್ನೆ ರಾತ್ರಿಯಿಂದ ಮರಳಿನ ಡಬ್ಬಿಯಲ್ಲಿ ಕೂತು ತಿಣುಕುತ್ತದೆ, ಕೂಗುತ್ತದೆ, ಏನೂ ಬರುವುದಿಲ್ಲ. ಮಲಬದ್ಧತೆಗೆ ಮನೆಮದ್ದು ಹೇಳಿ. (ಕದ್ರಿ)

ಉತ್ತರ: ಇದನ್ನು ಓದುವ ಮೊದಲೇ ನಿಮಗೆ ಫೋನ್ ಬಂದಿದೆ. ಮಲ ಅಲ್ಲ, ಮೂತ್ರ ಕಟ್ಟಿರಬಹುದು. ಗಂಡು ಬೆಕ್ಕಿನ ಮೂತ್ರದ ದಾರಿ ಬಹಳ ಸಪೂರ. ಹರಳಿನ ಪುಡಿ, ಲೋಳೆ ಕೂಡಿ ಬಿರಡೆ ಹಾಕಿದ ಹಾಗಾದರೆ ಬೆಕ್ಕು ತಿಣುಕುವುದು ಹೀಗೆಯೇ. ಮರಳಿನಲ್ಲಿ ಒದ್ದೆಯಾದ ಉಂಡೆ ಇದೆಯಾ ನೋಡಿ. ಇಲ್ಲದಿದ್ದರೆ, ಅಥವಾ ಒಂದೆರಡು ಹನಿ ಮಾತ್ರ ಇದ್ದರೆ, ಗಂಟೆ ಎಣಿಸಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದೊಳಗೆ ಹೃದಯ ನಿಲ್ಲಬಹುದು. ರಬ್ಬರ್ ಬ್ಯಾಂಡಿನ ವಿಚಾರ ಆಮೇಲೆ ನೋಡುವಾ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಮನೆ. ಗಾಳಕ್ಕೆ ಸಿಕ್ಕಿಸಿಟ್ಟಿದ್ದ ಸೀಗಡಿಯನ್ನು ಬೆಕ್ಕು ಗಾಳ ಸಮೇತ ನುಂಗಿದೆ. ದಾರ ಬಾಯಿಂದ ಹೊರಗೆ ಉಂಟು. ತುಟಿಗೆ ಚುಚ್ಚಿದ ಗಾಳ ನಾವೇ ತೆಗೆದದ್ದುಂಟು, ಇದನ್ನೂ ತೆಗೆಯಬಹುದಾ?

ಉತ್ತರ: ತುಟಿಯ ಮಾತು ಬೇರೆ. ಒಳಗಿನ ಗಾಳಕ್ಕೆ ಕೈ ಹಾಕಬೇಡಿ. ಎಳೆದಷ್ಟೂ ಕೊಕ್ಕೆ ಅನ್ನನಾಳಕ್ಕೆ ಕಚ್ಚಿಕೊಳ್ಳುತ್ತದೆ, ಅದರ ಪಕ್ಕದಲ್ಲೇ ದೊಡ್ಡ ರಕ್ತನಾಳಗಳಿವೆ. ದಾರ ಗಾಳದ ಕೋಲಿಗೆ ಕಟ್ಟಿದ್ದರೆ ಅಲ್ಲಿಂದ ಬಿಡಿಸಿ, ಬಾಯಿಂದ ಹೊರಗೆ ಒಂದು ಮೊಳ ಉಳಿಯುವಂತೆ ಬಿಡಿ. ನಮಗೆ ಗಾಳದ ಹತ್ತಿರ ಹೋಗಲು ಅದೇ ದಾರಿ. ಬೆಕ್ಕು ದಾರಕ್ಕೆ ಕಾಲು ಹಾಕದಂತೆ ಕುತ್ತಿಗೆಯವರೆಗೆ ಟವೆಲಿನಲ್ಲಿ ಸುತ್ತಿ, ಮುಚ್ಚಳವಿರುವ ಬುಟ್ಟಿಯಲ್ಲಿ ಕೂರಿಸಿ. ಹೊರಡುವ ಮೊದಲು ಫೋನ್ ಮಾಡಿ, ಎಕ್ಸ್‌ರೇ, ಎಂಡೋಸ್ಕೋಪಿ, ಆಪರೇಷನ್ ಎಲ್ಲಾ ಒಂದೇ ಕಡೆ ಆಗುತ್ತದಾ, ಡಾಕ್ಟರು ಈಗ ಅಲ್ಲಿದ್ದಾರಾ ಕೇಳಿ. ಉಡುಪಿಯಲ್ಲಿ ಒಂದು ಬಾಗಿಲು ತಟ್ಟಿ, ಆಗುವುದಿಲ್ಲ ಅಂದಮೇಲೆ ಮಂಗಳೂರಿಗೆ ಹೊರಟರೆ ಮತ್ತೆ ಸುಮಾರು 55 ಕಿ.ಮೀ. ದಾರಿ.